ಮಂಗಳವಾರದ ವಿಮಾನಗಳು

ನಾದಿನಿಯ ಕೈಯಿಂದ ಹಿಂದಿನ ಕೋಣೆಯ ಬೀಗದ ಕೈ ಕಸಿದುಕೊಂಡು ಅವಳು ಮುಷ್ಟಿ ಬಿಗಿಹಿಡಿದಳು.

“ನೋಡೋದ್ರಲ್ಲಿ ಏನ್ ತಪ್ಪು ಅತ್ತಿಗೆ? ಅಣ್ಣ ಮಾಡಿದ ಪುಟ್ಟ ವಿಮಾನ ತಾನೇ?”

“ನಿಮ್ಮಣ್ಣ ಇನ್ನೂ ಮನೇಲೇ ಇದಾರೆ. ಹೊರಡ್ಲಿ, ಆಮೇಲೆ ನೋಡುವಿಯಂತೆ.”

ಹಜಾರದಲ್ಲಿ ಮಲಗಿಸಿದ್ದ ಗಂಡ ಲಿಫ್ಟ್ ರಿಪೇರಿಯವನು. “ಜನಾನೆಲ್ಲ ಮೇಲಕ್ಕೆ ಕಳಿಸಿದ್ದಾಯ್ತು, ಈಗ ತಾನೂ ಹೊರಟ” ಎಂದು ಅವನ ಜೊತೆ ಕೆಲಸ ಮಾಡಿದವನೊಬ್ಬ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಅವಳ ಗಮನವೆಲ್ಲ ಆಗಷ್ಟೇ ಒಳಬಂದ ಹೆಂಗಸಿನ ಮೇಲಿತ್ತು. ಯಾರಿಗೂ ಪರಿಚಯವಿಲ್ಲದವಳು. ಬಂದವರೆಲ್ಲ ಸತ್ತವನ ಮುಖ ನೋಡಿದರೆ ಇವಳು ಅವನ ಕೈ ನೋಡಿ ಅಳುತ್ತಿದ್ದಳು. ಇವಳ ಬೆರಳ ತುದಿಯಲ್ಲೂ ಒಣಗಿದ ಅಂಟಿನ ಬಿಳಿ ಪೊರೆ, ಉಗುರ ಸಂದಿಯಲ್ಲಿ ರೆಸಿನ್ ಪ್ಲಾಸ್ಟಿಕ್ಕಿನ ಪುಡಿ. ಥೇಟ್ ಗಂಡನ ಬೆರಳುಗಳೇ.

“ಸುಮ್ನೆ ಪರಿಚಯದವರು ಹೀಗೆ ಅಳಲ್ಲ ಅತ್ತಿಗೆ” ಎಂದಳು ನಾದಿನಿ, ಮೆಲ್ಲಗೆ.

*

ಮಂಗಳವಾರ ಬಂತೆಂದರೆ ಗಂಡ ಶೂ ಡಬ್ಬವೊಂದನ್ನು ಎದೆಗವಚಿಕೊಂಡು ಹೊರಡುತ್ತಿದ್ದ. ಅದರಲ್ಲಿ ಸಣ್ಣ ಗರಗಸದಿಂದ ಕೊಯ್ದು, ನೀರು ಹಾಕಿ ಉಜ್ಜಿದ ರೆಸಿನ್ ರೆಕ್ಕೆಗಳು, ಪೈಲಟ್ ಸೀಟು, ಅಂಗಿ ಗುಂಡಿಗಿಂತ ಚಿಕ್ಕ ಗಾಲಿಗಳು. ಸಂಜೆ ಅದೇ ಡಬ್ಬದಲ್ಲಿ ಇಡೀ ವಿಮಾನ ಬರುತ್ತಿತ್ತು.

“ಮನೇಲಿ ಮೇಜಿಲ್ವಾ?”

“ಅಲ್ಲಿ ಬೆಳಕು ಚೆನ್ನಾಗಿದೆ.”

“ಅಲ್ಲಿ ಅಂದ್ರೆ?”

“ಸ್ನೇಹಿತರ ಹತ್ರ ಕಣೇ.”

ಈ ಮಂಗಳವಾರಗಳು ಶುರುವಾದಾಗಿನಿಂದಲೇ ಅವನು ಅವಳ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟ. ಚಹಾದ ಲೋಟವನ್ನೂ ಹಿಂದಿನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದ. ಅವಳು ಕೈ ಹಿಡಿಯಹೋದರೆ ಜೇಬಿಗೆ ಇಳಿಸುತ್ತಿದ್ದ. ಅವಳು ಒಳಗೊಳಗೇ ಕುದಿದಳು. ಮನೆಗೆ ಬಂದವರಿಗೆ ಮಾತ್ರ ವಿಮಾನ ಜೋಡಿಸಿಟ್ಟ ಗಾಜಿನ ಬೀರು ತೋರಿಸಿ, “ನಮ್ಮ ಯಜಮಾನರ ಕೈ ನೋಡಿ, ಕೂದಲೆಳೆಯಷ್ಟೂ ಆಚೀಚೆ ಆಗಲ್ಲ” ಎನ್ನುವುದನ್ನು ಬಿಡಲಿಲ್ಲ.

*

“ಸ್ವಲ್ಪ ಒಳಗೆ ಬನ್ನಿ” ಎಂದು ಆ ಹೆಂಗಸನ್ನು ಹಿಂದಿನ ಕೋಣೆಗೆ ಕರೆದೊಯ್ದು ಚಿಲಕ ಹಾಕಿದಳು.

“ಯಾವಾಗಿಂದ ನಡೀತಿದೆ ಇದು?”

“ಕೈ ನಡುಕ ಶುರುವಾದಾಗಿಂದ ಅಮ್ಮಾ.”

“ಯಾರ ಕೈ?”

ಹೆಂಗಸು ಬೆಪ್ಪಾಗಿ ನೋಡಿದಳು. “ನಿಮಗೆ ಗೊತ್ತಿರ್ಲಿಲ್ವಾ? ನಾನು ಕಟ್ಟುಹಲ್ಲು ಮಾಡೋಳು. ನಮ್ಮ ಕಟ್ಟಡದ ಲಿಫ್ಟ್ ನೋಡೋಕೆ ಬರ್ತಿದ್ರು. ಒಂದಿನ ಡಬ್ಬ ತಂದು ಮುಂದಿಟ್ರು. ಕೊಯ್ಯೋದು ಉಜ್ಜೋದು ಹೇಗೋ ಮಾಡ್ಕೋತಿದ್ರು. ಸಣ್ಣದೆಲ್ಲ ಅವರು ಹೇಳ್ದಂಗೆ ನಾನೇ ಅಂಟಿಸ್ತಿದ್ದೆ.”

“ಸುಳ್ಳು. ಹಂಗಿದ್ರೆ ನನಗೆ ಹೇಳ್ತಿರ್ಲಿಲ್ವಾ?”

“ನಾನೂ ಅದನ್ನೇ ಕೇಳಿದ್ದೆ. ‘ಅವಳು ನನ್ನ ಕೈ ಬಗ್ಗೆ ಎಲ್ಲರ ಹತ್ರ ಹೇಳ್ಕೊಂಡು ಖುಷಿಪಡ್ತಾಳೆ, ಅದನ್ನ ಹೆಂಗೆ ಕಿತ್ಕೊಳ್ಲಿ’ ಅಂದ್ರು.”

ಅವಳಿಗೆ ನಂಬಿಕೆ ಬರಲಿಲ್ಲ. ಮುಖ ತಿರುಗಿಸಿದರೆ ಮೇಜಿನ ಮೇಲೊಂದು ವಿಮಾನ. ಒಂದು ಗಾಲಿ ಓರೆ, ಕಿಟಕಿಯ ಗಾಜಿಗೆಲ್ಲ ಅಂಟು ಮೆತ್ತಿ ಮಬ್ಬು, ರೆಕ್ಕೆ ಒಂದು ಕಡೆ ಜೋತುಬಿದ್ದಿತ್ತು.

“ಹೋದ ತಿಂಗಳು ನಾನು ಹುಷಾರಿಲ್ದೆ ಮಲಗಿದ್ದೆ” ಎಂದಳು ಹೆಂಗಸು. “ಒಬ್ರೇ ಕೂತು ಮಾಡಿರ್ಬೇಕು. ಕೊಡಿ, ನೆಟ್ಟಗೆ ಮಾಡ್ಕೊಡ್ತೀನಿ.”

“ಮುಟ್ಬೇಡಿ.”

“ಅತ್ತಿಗೆ, ಗಾಡಿ ಬಂತು!” ನಾದಿನಿ ಬಾಗಿಲು ಬಡಿಯುತ್ತಿದ್ದಳು.

ಅವಳು ವಿಮಾನವನ್ನು ಅಂಗೈಯಲ್ಲಿ ನಿಲ್ಲಿಸಿಕೊಂಡಳು. ಅದು ಪಕ್ಕಕ್ಕೆ ವಾಲಿತು. ರೆಕ್ಕೆಯ ಬುಡದಲ್ಲಿ ಗಟ್ಟಿಯಾಗಿದ್ದ ಅಂಟಿನೊಳಗೆ ಹೆಬ್ಬೆರಳೊಂದರ ಗೆರೆಗಳು ಜಾರಿ, ಮತ್ತೆ ಒತ್ತಿ, ಮತ್ತೆ ಜಾರಿದ್ದವು.