ಹನ್ನೆರಡನೇ ಹೆಸರು

"ಇನ್ನ್ಯಾರಾದ್ರೂ ಇದ್ದಾರಾ ನಂಜುಂಡೇಶ್ ಅವರೇ? ಕೈಸಾಲ, ಬಾಯಿಮಾತಿನ ಸಾಲ, ಯಾವುದನ್ನೂ ಬಿಡಬಾರದು."

ಲಾಯರ್ ಉಷಾರಾಣಿ ಪೆನ್ನು ಹಿಡಿದು ಕಾಯುತ್ತಿದ್ದರು. ಕೆ.ಆರ್. ನಗರದ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಆ ಪುಟ್ಟ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ನಂಜುಂಡೇಶನ ಅಂಗಿ ಬೆನ್ನಿಗೆ ಅಂಟಿತ್ತು. ಭೇರ್ಯದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದವನು ಅವನು. ಸಾಲ ಮಾಡಿ ಜನರೇಟರು, ಬಣ್ಣದ ಲೈಟು ತಂದ ವರ್ಷವೇ ಸುತ್ತಮುತ್ತ ಮೂರು ಕಲ್ಯಾಣ ಮಂಟಪ ಎದ್ದವು. ಕುರ್ಚಿಯಿಂದ ಹಿಡಿದು ಸೌಟಿನವರೆಗೆ ಎಲ್ಲ ಅಲ್ಲೇ ಸಿಗುವಾಗ ಇವನನ್ನು ಕೇಳುವವರು ಯಾರು? ಈಗ ತಲೆಯ ಮೇಲೆ ಹತ್ತೊಂಬತ್ತು ಲಕ್ಷ, ಮುಂದೆ ದಿವಾಳಿ ಅರ್ಜಿ.

"ಅಷ್ಟೇ ಮೇಡಂ, ಹನ್ನೊಂದೇ ಜನ." ನಂಜುಂಡೇಶ ಕುರ್ಚಿಯಂಚಿಗೆ ಸರಿದ. "ಇಷ್ಟೊಂದು ಸಾಲಕ್ಕೆ ಜೈಲು ಗೀಲು..."

"ಐನೂರು ರೂಪಾಯಿ ಸಾಲ ಇದ್ರೂ ಈ ಅರ್ಜಿ ಹಾಕಬಹುದು ಕಣ್ರೀ, ಅಷ್ಟು ಹಳೇ ಕಾನೂನು!" ಉಷಾರಾಣಿ ನಕ್ಕರು. "ಅಡುಗೆ ಪಾತ್ರೆ, ಹಾಸಿಗೆ, ನಿಮ್ಮ ಮನೆಯವರ ತಾಳಿ ಯಾರೂ ಮುಟ್ಟಲ್ಲ. ಮಿಕ್ಕಿದ್ದನ್ನ ಮಾರಿ ಸಾಲ ಕೊಟ್ಟೋರಿಗೆ ಹಂಚ್ತಾರೆ. ಸಾಲಕ್ಕೆ ಹೆದರಬೇಡಿ, ಮುಚ್ಚಿಟ್ಟಿದ್ರೆ ಹೆದರಿ. ಇದು ಪ್ರಮಾಣ ಮಾಡಿ ಸಹಿ ಹಾಕೋ ಕಾಗದ. ಪಟ್ಟೀಲಿರೋ ಪ್ರತಿಯೊಬ್ಬರ ಮನೆಗೂ ಕೋರ್ಟಿನಿಂದ ನೋಟೀಸ್ ಹೋಗುತ್ತೆ."

ಪ್ರತಿಯೊಬ್ಬರ ಮನೆಗೂ!

ನಂಜುಂಡೇಶನಿಗೆ ಮಿರ್ಲೆಯ ಅಕ್ಕ ಗುರುಶಾಂತಮ್ಮ ನೆನಪಾದಳು. ಎರಡು ವರ್ಷದ ಹಿಂದೆ ಅವಳು ನಾಲ್ಕು ಚಿನ್ನದ ಬಳೆ ಕಳಚಿಕೊಟ್ಟು, "ನಿಮ್ಮ ಭಾವಂಗೆ ಗೊತ್ತಾದ್ರೆ ನನ್ ಕತೆ ಮುಗೀತು" ಅಂದಿದ್ದಳು. ಅಡವಿಟ್ಟ ಬಳೆ ಹರಾಜಾಗಿ ಹೋದವು. ಅಂದಿನಿಂದ ಅವಳ ಕೈಯಲ್ಲಿರುವುದು ಒನ್ ಗ್ರಾಂ ಗೋಲ್ಡಿನ ನಕಲಿ ಬಳೆ. ಹೆಸರು ಬರೆಸಿದರೆ ನೋಟೀಸು ಭಾವನ ಕೈಗೆ. ಬಿಟ್ಟರೆ ಕೋರ್ಟಿನ ಮುಂದೆ ಸುಳ್ಳು ಪ್ರಮಾಣ.

"ನಾಳೆ ಸಹಿ ಹಾಕ್ತೀನಿ ಮೇಡಂ," ಎಂದವನೇ ಮೆಟ್ಟಿಲಿಳಿದು ಮಿರ್ಲೆ ಬಸ್ಸು ಹತ್ತಿದ.

ಭಾವ ನೀಲಕಂಠಸ್ವಾಮಿ ಜಗಲಿಯ ಮೇಲೆ ಔಷಧಿ ಹೊಡೆಯುವ ಕ್ಯಾನು ಬಿಚ್ಚಿಕೊಂಡು ಕೂತಿದ್ದ. "ಏನ್ಲಾ ಶಾಮಿಯಾನ, ಈ ಬಿಸ್ಲಲ್ಲಿ ಬಂದ್ಬುಟ್ಟೆ? ಇದ್ದಬದ್ದ ನೆರಳ್ನೆಲ್ಲಾ ಬಾಡಿಗೆಗೆ ಕೊಟ್ಬುಟ್ಯಾ?"

ನಂಜುಂಡೇಶ ನಗುವುದಕ್ಕೆ ನೋಡಿದ, ಆಗಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಪಿಸುಗುಟ್ಟುತ್ತಾ ಎಲ್ಲ ಹೇಳಿದ. ಅಕ್ಕನ ಮುಖ ಬಿಳಿಚಿಕೊಂಡಿತು.

"ಬರೀಬ್ಯಾಡ ಕಣ್ಲಾ. ಆ ಬಳೆ ಇವರವ್ವಂದು. ಸಾಯೋವಾಗ ನನ್ ಕೈಗಾಕಿದ್ದು."

"ಬರೀದಿದ್ರೆ ಸುಳ್ಳೇಳ್ದಂಗೆ ಕಣಕ್ಕ. ಸಿಕ್ಕಾಕೊಂಡ್ರೆ ನಾನು ಕೆಟ್ಟೆ."

"ಬರುದ್ರೆ?"

"ಪೋಸ್ಟಲ್ಲಿ ಬತ್ತದೆ. ಭಾವನೇ ಒಡೀತಾರೆ."

ಹೊರಗಿನಿಂದ ಕೂಗು ಬಂತು: "ಏನೇ ಅದು ಅಕ್ಕತಮ್ಮಂದು ಗುಸುಗುಸು? ಒಂದು ಚೊಂಬು ನೀರಾದ್ರೂ ತತ್ತೀಯಾ?"

ಗುರುಶಾಂತಮ್ಮ ಬೆಚ್ಚಿಬಿದ್ದು ಚೊಂಬನ್ನು ನೀರಿನ ಕೊಡದೊಳಗೆ ಅದ್ದಿದಳು. ಬಳೆ ಮೇಲೆ ಸರಿದವು. ಅಡಿಯಲ್ಲಿ ಚರ್ಮ ಹಸಿರುಗಟ್ಟಿತ್ತು. ತಮ್ಮ ನೋಡಿದ್ದನ್ನು ಅವಳೂ ನೋಡಿದಳು.

"ಇದೇನೇ ಇಂಗಾಗದೆ ಅಂತ ಮೊನ್ನೆ ಕೇಳುದ್ರು, ಸೋಪಿಗೆ ಅಂದೆ," ಸೆರಗು ಎಳೆದು ಮುಚ್ಚಿಕೊಂಡಳು. "ಎರಡು ವರ್ಸದಿಂದ ಇಂಗೇ ಕೈ ಮುಚ್ಕೊಂಡು ಉಣ್ಣಾಕಿಕ್ತಾ ಇವ್ನಿ ಕಣ್ಲಾ. ಸಾಕಾಗದೆ." ಚೊಂಬನ್ನು ಅವನ ಕೈಗಿಟ್ಟಳು. "ನೀನೇ ಏಳ್ಬುಡು. ನನ್ ಬಾಯಲ್ಲಿ ಬರಲ್ಲ."

ಅಡುಗೆಮನೆಯಿಂದ ಜಗಲಿಗೆ ಎಂಟು ಹೆಜ್ಜೆ. ಅಷ್ಟರಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲಿತ್ತು.

"ಭಾವ, ಕೋರ್ಟ್ ಕಾಗದದಲ್ಲಿ ಹನ್ನೊಂದು ಜನ ಸಾಲ ಕೊಟ್ಟೋರ ಹೆಸ್ರು ಬರ್ಸಿವ್ನಿ. ಹನ್ನೆರಡನೇದು ಅಕ್ಕಂದು. ನಿಮ್ಮವ್ವನ ಬಳೆ..."

ನೀಲಕಂಠಸ್ವಾಮಿ ತುಟಿಗಿಟ್ಟ ಚೊಂಬನ್ನು ಕುಡಿಯದೆಯೇ ಕೆಳಗಿಳಿಸಿದ. ಒಳಗೆ ಒಂದು ಬಳೆಯ ಸದ್ದೂ ಇರಲಿಲ್ಲ.

"ಕೂತ್ಕೊ," ಎಂದ. "ಅವಳ್ನೂ ಕರಿ."