ಸಹಕರಿಸುವ ಮಗು

ಮಗುವಿನ ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಕಳೆದ ಸಲ ಡಾಕ್ಟರಿಕೆಯ ಕೊನೆಯ ಪರೀಕ್ಷೆಯಲ್ಲಿ, ಇದೇ ಮಕ್ಕಳ ವಾರ್ಡಿನಲ್ಲಿ ಅವನು ಫೇಲಾದದ್ದಕ್ಕೆ ಇದ್ದ ಕಾರಣಗಳಲ್ಲಿ ತಣ್ಣನೆಯ ಕೈಯೂ ಒಂದಾಗಿತ್ತು. ಈ ಸಲವೂ ಹೋದರೆ ಜೊತೆಯವರೆಲ್ಲ ಡಾಕ್ಟರಾಗಿ ಹೊರಟುಬಿಡುತ್ತಾರೆ, ಅವನಿಗೆ ಇನ್ನೂ ಆರು ತಿಂಗಳು ಅದೇ ಬೆಂಚು.

"ಹುಳ, ನಿಂಗೆ ಲಾಟರಿ ಹೊಡೀತು ಕಣೋ," ಎಂದಿದ್ದ ಗೆಳೆಯ, ಅವನ ಪಾಲಿಗೆ ಬಂದ ಹಾಸಿಗೆ ಯಾವುದೆಂದು ತಿಳಿದಾಗ. ಪುಸ್ತಕದ ಹುಳ ಎಂಬ ಅಡ್ಡಹೆಸರಿನಲ್ಲಿ ಪುಸ್ತಕ ಎಂದೋ ಉದುರಿಹೋಗಿತ್ತು. "ಹೊಟ್ಟೇಲಿ ಗೆಡ್ಡೆ ಇರೋ ಹುಡುಗಿ. ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಸಿಗುತ್ತೆ. ಇದ್ರಲ್ಲೂ ಡುಮ್ಕಿ ಹೊಡೆದ್ರೆ ನಿನ್ನನ್ನ ಆ ದೇವರೇ ಕಾಪಾಡಬೇಕು."

ಹುಡುಗಿಗೆ ಏಳು ವರ್ಷ. ಅಂಗಾತ ಮಲಗಿದ್ದಳು. ಅವಳ ತಾಯಿ ಸ್ಟೂಲಿನಿಂದ ಎದ್ದು ಅವನಿಗೆ ಜಾಗ ಬಿಟ್ಟಳು. ಹೊರಗಿನ ಊರಿನಿಂದ ಬಂದ ಪರೀಕ್ಷಕರು ಈ ಹಾಸಿಗೆಗೆ ಬರುವಷ್ಟರಲ್ಲಿ ಅವನು ಕಾಯಿಲೆಯ ಕಥೆ ಕೇಳಿ, ಮಗುವನ್ನು ಪರೀಕ್ಷಿಸಿ, ಅವರೆದುರು ಒಪ್ಪಿಸಲು ಸಿದ್ಧನಾಗಿರಬೇಕಿತ್ತು.

"ಮೊದಲು ಜ್ವರ ಕೇಳಿ ಡಾಕ್ಟ್ರೇ," ಎಂದಳು ತಾಯಿ. "ಎಲ್ಲರೂ ಅಲ್ಲಿಂದಲೇ ಶುರು ಮಾಡೋದು."

"ತುಂಬ ಜನ ಕೇಳಿದಾರಾಮ್ಮ?"

"ಅಯ್ಯೋ, ಲೆಕ್ಕ ಯಾರಿಟ್ರು? ಇನ್ನೂ ಸ್ವಲ್ಪ ದಿನ ಇಲ್ಲೇ ಇದ್ರೆ ನಾನೇ ನಿಮ್ಮ ಪರೀಕ್ಷೆಗೆ ಕೂತ್ಕೋಬಹುದು."

ಅವಳು ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಮೂತ್ರಪಿಂಡದ ಗೆಡ್ಡೆ, ಆಪರೇಷನ್, ಕೂದಲು ಉದುರಿಸಿದ ಔಷಧಿ, ಒಂದಷ್ಟು ದಿನ ಸ್ಕೂಲು, ಮತ್ತೆ ಗೆಡ್ಡೆ. "ಇನ್ನು ವಾಸಿ ಮಾಡೋ ಔಷಧಿ ಇಲ್ಲವಂತೆ. ನೋವಾಗದ ಹಾಗೆ ನೋಡ್ಕೋತೀವಿ ಅಂದಿದಾರೆ."

ಅವನು ಕಾಗದದ ಮೇಲೆ 'ಪಾಲಿಯೇಟಿವ್' ಎಂದು ಬರೆದ, ಅಂದರೆ ಇನ್ನು ನೋವು ತಗ್ಗಿಸುವ ಆರೈಕೆ ಮಾತ್ರ. ಆ ವಿಷಯದ ಮೇಲೆ ಐದು ವರ್ಷದಲ್ಲಿ ಅವರಿಗೆ ಒಂದೇ ಒಂದು ಪಾಠ ಆಗಿತ್ತು, ಶನಿವಾರ ಊಟದ ನಂತರ. ಹಾಗೆಂದರೇನು ಎಂದು ಮೇಷ್ಟ್ರು ಕೇಳಿದಾಗ ಹಿಂದಿನ ಬೆಂಚಿನಿಂದ ಯಾರೋ "ಕೈ ತೊಳ್ಕೊಳ್ಳೋದು ಸರ್" ಎಂದಿದ್ದರು. ತರಗತಿಯೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ. ಪರೀಕ್ಷೆಯಲ್ಲಿ ಕೇಳುವ ವಿಷಯವಲ್ಲವೆಂದು ಆಮೇಲೆ ಆ ಪಾಠವನ್ನು ಓದಲೂ ಇಲ್ಲ.

ಕೈ ಉಜ್ಜಿಕೊಂಡು ಹೊಟ್ಟೆ ಒತ್ತಿದ. ಗೆಡ್ಡೆ ಸಿಕ್ಕಿತು. ಅದರ ಅಂಚು ಹುಡುಕಲು ಇನ್ನೂ ಆಳಕ್ಕೆ ಒತ್ತಿದ. ಹುಡುಗಿ ಕೈ ತಳ್ಳಲಿಲ್ಲ, ಕೊಸರಲಿಲ್ಲ, ಅಳಲಿಲ್ಲ. ಇಂಥ ಮಗು ಸಿಗುವುದೇ ಪುಣ್ಯ ಎಂದುಕೊಂಡು 'ಮಗು ಶಾಂತವಾಗಿದೆ, ಪರೀಕ್ಷೆಗೆ ಸಹಕರಿಸುತ್ತದೆ' ಎಂದು ಬರೆದ.

"ಈಗ ಏನು ಔಷಧಿ ಕೊಡ್ತಿದಾರಮ್ಮ?"

"ನೋವಿಗೆ ಮಾರ್ಫಿನ್ ಸಿರಪ್ಪು. ಬೆಳಗ್ಗೆದು ಇನ್ನೂ ಕೊಟ್ಟಿಲ್ಲ." ತಾಯಿ ದನಿ ತಗ್ಗಿಸಿದಳು. "ಕುಡಿದ್ರೆ ತೂಕಡಿಸ್ತಾಳೆ, ಪರೀಕ್ಷೆ ಮುಗೀಲಿ ಅಂದ್ರು ವಾರ್ಡಿನ ಡಾಕ್ಟರಮ್ಮ. ಪರವಾಗಿಲ್ಲ ಅಲ್ವಾ? ನೋಡಿ, ಎಷ್ಟು ಸುಮ್ಮನಿದಾಳೆ. ಬೇರೆ ದಿನ ಆಗಿದ್ರೆ ನಿಮ್ಮ ಕೈಯಿಂದ ಆ ಪೆನ್ನು ಕಿತ್ಕೊಂಡು, ಯಾಕೆ ಇಷ್ಟು ಕೆಟ್ಟದಾಗಿ ಬರೀತೀರಾ ಅಂತಿದ್ಲು. ವಾರ್ಡಿನವರೆಲ್ಲ ಯಜಮಾನಿ ಅಂತಲೇ ಕರೆಯೋದು."

ಅವನು ಮೊದಲ ಬಾರಿ ಹುಡುಗಿಯ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣುಗಳು ಮಾತ್ರ ಅವನ ಕೈಗಳು ಹೋದಲ್ಲೆಲ್ಲ ಹೋಗುತ್ತಿದ್ದವು. ಉಸಿರು ಎದೆಯ ಮೇಲ್ಭಾಗದಲ್ಲೇ ಬಂದು ಹೋಗುತ್ತಿತ್ತು, ಹೊಟ್ಟೆಗೆ ಇಳಿಯುತ್ತಿರಲಿಲ್ಲ.

"ಯಜಮಾನಿ ಯಾಕೆ ಇವತ್ತು ಮಾತಾಡ್ತಿಲ್ಲ?"

ಅವಳು ತುಟಿ ಮಾತ್ರ ಅಲುಗಿಸಿದಳು. "ಮಾತಾಡಿದ್ರೆ ಹೊಟ್ಟೆ ಅಲ್ಲಾಡುತ್ತೆ ಅಣ್ಣಾ."

ಅವನ ಕಿವಿ ಬಿಸಿಯಾಯಿತು. ತಾನು ಅಷ್ಟು ಹೊತ್ತು ಒತ್ತಿದ್ದು ಅದೇ ಹೊಟ್ಟೆಯನ್ನು.

ವಾರ್ಡಿನ ಜೂನಿಯರ್ ಡಾಕ್ಟರ್ ಬಾಗಿಲ ಬಳಿ ಪರೀಕ್ಷಕರ ದಾರಿ ಕಾಯುತ್ತಿದ್ದಳು. ಔಷಧಿ ಈಗಲೇ ಕೊಡಿ ಎಂದು ಅವನು ಹೇಳಿದ್ದನ್ನು ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಪಕ್ಕದ ಹಾಸಿಗೇಲೇ ಇದಾರೆ ಅವರು. ಈಗ ಮಗು ನಿದ್ದೆ ಹೋದ್ರೆ ನಿನ್ನ ಮಾರ್ಕೇ ಹೋಗೋದು. ಗೊತ್ತಾಯ್ತಾ?"

"ಮೇಡಂ, ಅವಳಿಗೆ ನೋವಿದೆ."

"ನೋವಿದ್ರೆ ಅಳ್ತಿರಲಿಲ್ವಾ? ಪಾಲಿಯೇಟಿವ್ ಕೇಸು ಕಣಪ್ಪಾ ಅದು. ಇನ್ನೊಂದು ಗಂಟೆಯಿಂದ ಏನು ಬದಲಾಗುತ್ತೆ? ಕೇಸು ರೆಡಿ ಇಲ್ಲ ಅಂತ ಬೈಸ್ಕೊಳ್ಳೋಳು ನಾನು. ಹೋಗು, ಹೋಗು."

ಅವನು ಹಾಸಿಗೆಯ ಬಳಿ ಮರಳುವಷ್ಟರಲ್ಲಿ ಪರೀಕ್ಷಕರು ಬಂದು ನಿಂತಿದ್ದರು. ಜೂನಿಯರ್ ಡಾಕ್ಟರ್ ಅವರ ಹಿಂದೆ. ಪರೀಕ್ಷಕರ ತಲೆ ಬೋಳು, ದನಿ ಮೆತ್ತಗೆ. ಬೆಳಗಿನಿಂದ ಇಬ್ಬರನ್ನು ಅಳಿಸಿದ್ದಾರೆಂಬ ಸುದ್ದಿ ಕಾರಿಡಾರಿನಲ್ಲಿತ್ತು.

"ಹೇಳಿ."

ಅವನು ಗೆಡ್ಡೆಯ ಕಥೆ ಒಪ್ಪಿಸಿದ. ನಾಲಿಗೆ ತಾನಾಗಿಯೇ ಓಡಿತು. 'ಮಗು ಶಾಂತವಾಗಿದೆ' ಎಂಬ ಸಾಲು ಬಂದಾಗ ನಿಂತಿತು.

"ಏನಾಯ್ತು?"

"ಸರ್, ಇಲ್ಲಿ ತಪ್ಪು ಬರೆದಿದೀನಿ. ಮಗು ನೋವಿನಲ್ಲಿದೆ."

"ಅಳ್ತಾ ಇಲ್ಲವಲ್ಲ."

"ಅಳೋಕೂ ಹೊಟ್ಟೆ ಅಲ್ಲಾಡಬೇಕು ಸರ್. ಅದಕ್ಕೇ ಉಸಿರನ್ನೂ ಮೇಲಷ್ಟೇ ಎಳೀತಿದಾಳೆ. ನಾನು ಸಹಕರಿಸ್ತಿದಾಳೆ ಅಂದ್ಕೊಂಡೆ."

ಪರೀಕ್ಷಕರು ಹುಡುಗಿಯ ಕಡೆಗೆ ಸ್ವಲ್ಪ ಬಗ್ಗಿ ನೋಡಿದರು. "ಸರಿ. ಗೆಡ್ಡೆಯ ಕೆಳಗಿನ ಅಂಚು ತೋರಿಸಿ."

ಎಲ್ಲರೂ ಅವನ ಕೈ ನೋಡಿದರು. ಹುಡುಗಿಯೂ. ಅವನ ಬೆರಳುಗಳು ಒಂದಕ್ಕೊಂದು ಉಜ್ಜಿಕೊಂಡವು, ಮುಂದೆ ಚಾಚಲಿಲ್ಲ.

"ಬೆಳಗಿನ ಮಾರ್ಫಿನ್ ಇನ್ನೂ ಕೊಟ್ಟಿಲ್ಲ ಸರ್. ಅದು ಕೊಟ್ಟು, ನೋವು ಇಳಿದ ಮೇಲೆ ತೋರಿಸ್ತೀನಿ."

"ನನಗೆ ಅಷ್ಟು ಪುರಸೊತ್ತಿಲ್ಲ. ಮುಟ್ಟಿ ತೋರಿಸದಿದ್ರೆ ಆ ಭಾಗಕ್ಕೆ ಸೊನ್ನೆ ಹಾಕಬೇಕಾಗುತ್ತೆ."

"ಹಾಕಿ ಸರ್." ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಔಷಧಿ ಕೊಟ್ಟರೆ ಉಸಿರು ನಿಂತು ಹೋಗಲ್ವಾ?" ಎಂದರು ಪರೀಕ್ಷಕರು. " ನಿಮ್ಮ ಗೆಳೆಯರೆಲ್ಲ ಹಾಗೇ ಹೇಳ್ತಿದಾರೆ."

ನಿನ್ನೆ ಕೇಳಿದ್ದರೆ ಅವನೂ ಹಾಗೆಯೇ ಹೇಳುತ್ತಿದ್ದ. "ದಿನಾ ತಗೋತಿರೋ ಡೋಸು ಸರ್. ಅದರಿಂದ ನಿಲ್ಲಲ್ಲ ಅನ್ಸುತ್ತೆ. ಖಚಿತವಾಗಿ ಗೊತ್ತಿಲ್ಲ. ನೋವಿಂದ ಈಗಲೇ ಸರಿಯಾಗಿ ಉಸಿರಾಡ್ತಿಲ್ಲ ಅನ್ನೋದು ಕಾಣ್ತಿದೆ."

"ಡೋಸು ತಡೆದದ್ದು ಯಾರು?" ಪ್ರಶ್ನೆ ಯಾರ ಕಡೆಗೂ ತಿರುಗಿರಲಿಲ್ಲ.

ಜೂನಿಯರ್ ಡಾಕ್ಟರ್ ನೆಲ ನೋಡಿದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ತಾಯಿ ಮುಂದೆ ಬಂದಳು.

"ನಾನೇ ಸಾರ್. ಪರೀಕ್ಷೆ ಮುಗೀಲಿ, ಆಮೇಲೆ ಕುಡಿಸೋಣ ಅಂದೆ. ಇವರದೇನೂ ತಪ್ಪಿಲ್ಲ."

ಅವಳು ಅವನ ಕಡೆ ನೋಡಿದ ರೀತಿಯಲ್ಲೇ ಅವನಿಗೆ ಅರ್ಥವಾಯಿತು. ಅವನು ಇವತ್ತು ಬಂದು ಹೋಗುವವನು. ನಾಳೆಯೂ ನಾಡಿದ್ದೂ ಅವಳು ಔಷಧಿಗಾಗಿ ಕೇಳಬೇಕಾದದ್ದು ಈ ಡಾಕ್ಟರನ್ನೇ. ಅವನು ಬಾಯಿ ಮುಚ್ಚಿದ.

ಜೂನಿಯರ್ ಡಾಕ್ಟರ್ ತಿರುಗಿ, ಹೆಚ್ಚುಕಡಿಮೆ ಓಡುತ್ತಲೇ ಔಷಧಿ ಕಪಾಟಿನ ಬೀಗದ ಕೈ ತರಲು ಹೋದಳು.

"ಇವಳಿಗೆ ಮಾಡೋಕೆ ಇನ್ನೇನೂ ಇಲ್ಲ ಅಂತ ಒಪ್ತೀರಾ?" ಎಂದರು ಪರೀಕ್ಷಕರು.

"ಇಲ್ಲ ಸರ್. ಈ ಡೋಸು ಇದೆ. ಮುಂದಿನದು ನೋವು ಬರೋಕೆ ಮೊದಲೇ ಕೊಡೋದಿದೆ. ಮಿಕ್ಕಿದ್ದು ನಾನು ಓದಿಲ್ಲ."

"ಓದಿ," ಎಂದರು ಅವರು. ಒಳ್ಳೆಯದೋ ಕೆಟ್ಟದ್ದೋ ಆ ದನಿಯಲ್ಲಿ ತಿಳಿಯಲಿಲ್ಲ. ಮುಂದಿನ ಹಾಸಿಗೆಗೆ ನಡೆದರು. ದೂರ ಹೋದ ಮೇಲೆ ಯಾರಿಗೋ ಹೇಳಿದ್ದು ಕೇಳಿಸಿತು: "ಈ ಮಗುವನ್ನ ಇವತ್ತು ಇನ್ಯಾರ ಪರೀಕ್ಷೆಗೂ ಕೊಡಬೇಡಿ."

ತಾಯಿ ಸೂಜಿಯಿಲ್ಲದ ಸಿರಿಂಜಿನಿಂದ ಸಿರಪ್ಪನ್ನು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಟ್ಟಳು. ಹುಡುಗಿ ತಲೆ ಎತ್ತದೆಯೇ ನುಂಗಿದಳು. ಅದು ಕೆಲಸ ಮಾಡಲು ಹೊತ್ತು ಬೇಕೆಂದು ಅವನಿಗೆ ಗೊತ್ತಿತ್ತು. ಹೊರಗೆ ಗೆಳೆಯರು ಕಾಯುತ್ತಿದ್ದರು. ಅವನು ಹೋಗಲಿಲ್ಲ.

"ನಿಮ್ಮದು ಪಾಸಾಗುತ್ತಾ?" ಎಂದಳು ತಾಯಿ.

"ಕಷ್ಟ ಅಮ್ಮ."

ಇಬ್ಬರೂ ಮಗುವಿನ ಹೊದಿಕೆಯನ್ನೇ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ ಹೊಟ್ಟೆಯ ಮೇಲಿನ ಹೊದಿಕೆ ಒಮ್ಮೆ ಮೇಲೆದ್ದು ಇಳಿಯಿತು. ಆಮೇಲೆ ಹುಡುಗಿ ಒಂದು ಮೊಣಕಾಲು ಮಡಚಿ, ತಡೆದು ನೋಡಿ, ಇನ್ನೊಂದನ್ನೂ ಮಡಚಿ, ಅವನಿಗೆ ಬೆನ್ನು ಹಾಕಿ ಮಗ್ಗುಲಾದಳು.