ನೂರಮೂವತ್ತಕ್ಕೆ ನಿಂತ ಮುಳ್ಳು

ಆರೋಗ್ಯ ಕೇಂದ್ರದ ತೂಕದ ಯಂತ್ರದಲ್ಲಿ ನೂರಮೂವತ್ತು ಕಿಲೋ ತನಕ ಮಾತ್ರ ಅಂಕಿಗಳಿದ್ದವು. ಅದರಾಚೆಗೆ ಒಂದು ಪುಟ್ಟ ಮೊಳೆ. ಬಸ್ಸಿನ ಡ್ರೈವರಣ್ಣ ಹತ್ತಿ ನಿಂತಾಗಲೆಲ್ಲ ಮುಳ್ಳು ಸರ್ರನೆ ಓಡಿ, ಆ ಮೊಳೆಗೆ ಟಕ್ಕೆಂದು ಬಡಿದು ಸುಮ್ಮನಾಗುತ್ತಿತ್ತು. ಆ ಸದ್ದು ನರ್ಸಮ್ಮನಿಗೂ ಕೇಳುತ್ತಿತ್ತು, ಅವನಿಗೂ ಕೇಳುತ್ತಿತ್ತು. ಅವನು ಕಣ್ಣಿನ ಪರೀಕ್ಷೆಗೆಂದು ಗೋಡೆಗೆ ತೂಗುಹಾಕಿದ್ದ ಅಕ್ಷರಗಳನ್ನು ಹೊಸದಾಗಿ ಓದು ಕಲಿತವನಂತೆ ಓದತೊಡಗುತ್ತಿದ್ದ. ಅವಳು ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು. ಆಮೇಲೆ ಕಾರ್ಡಿನ ಚೌಕದಲ್ಲಿ ‘೧೩೦’ ಎಂದು ಬರೆಯುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು.

ಆ ಊರಿನಲ್ಲಿ ದಪ್ಪಗಿರುವುದು ದೊಡ್ಡ ಸಂಗತಿಯೇನಲ್ಲ. ಹೊಲಕ್ಕೆ ಯಂತ್ರ ಬಂದ ಮೇಲೆ ನಡೆಯುತ್ತಿದ್ದ ಕಾಲುಗಳೆಲ್ಲ ಜಗುಲಿ ಸೇರಿದ್ದವು. ಅಂಗಡಿಯಲ್ಲಿ ಬಿಸ್ಕತ್ತು, ಸಕ್ಕರೆ ನೀರಿನ ಬಾಟಲಿ ವರ್ಷವಿಡೀ ಸಿಗುತ್ತಿದ್ದವು. ತರಕಾರಿ ಮಾತ್ರ ವಾರಕ್ಕೊಮ್ಮೆ ಬಸ್ಸಿನ ತಲೆಯ ಮೇಲೆ ಕೂತು ಬಾಡಿಕೊಂಡು ಬರುತ್ತಿತ್ತು. ದೊಡ್ಡ ತೂಕದ ಯಂತ್ರ ಬೇಕೆಂದು ನರ್ಸಮ್ಮ ಮೇಲಿನವರಿಗೆ ಮೂರು ಸಲ ಬರೆದಿದ್ದಳು. ಮೂರನೆಯದಕ್ಕೆ ಉತ್ತರವೂ ಬಂದಿತ್ತು: ಮಕ್ಕಳನ್ನು ತೂಗುವ ಯಂತ್ರವೊಂದನ್ನು ಕಳಿಸಿಕೊಟ್ಟಿದ್ದರು.

ಡ್ರೈವರಣ್ಣನ ಬಲ ಮೊಣಕಾಲು ಸವೆದುಹೋಗಿತ್ತು. ಪಟ್ಟಣದ ಆಸ್ಪತ್ರೆಯ ಮೂಳೆ ಡಾಕ್ಟರು ಕಾಲು ನೋಡಿ, ಮೊದಲು ಹತ್ತು ಕಿಲೋ ಇಳಿಸಲಿ, ಆಮೇಲೆ ಆಪರೇಷನ್ ಎಂದಿದ್ದರು. ಅಲ್ಲಿಯ ಜನಜಾತ್ರೆಯಲ್ಲಿ ಅವನನ್ನು ತೂಗಲು ಯಾರಿಗೂ ಪುರುಸೊತ್ತಿರಲಿಲ್ಲ. ನಿಮ್ಮೂರಲ್ಲೇ ತೂಗಿಸಿ ತಿಂಗಳಿಗೊಮ್ಮೆ ಕಾರ್ಡು ಕಳಿಸಿ ಎಂದು ಸಾಗಹಾಕಿದ್ದರು. ನರ್ಸಮ್ಮ ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿ ಅವನ ಕೈಗೇ ಕೊಡುತ್ತಿದ್ದಳು. ಅವನು ಅದನ್ನು ಬಸ್ಸಿನ ಗಾಜಿಗೆ ಒರಗಿಸಿಟ್ಟುಕೊಂಡು, ತನ್ನ ಹಣೆಬರಹವನ್ನು ತಾನೇ ಹೊತ್ತು ಪಟ್ಟಣಕ್ಕೆ ಮುಟ್ಟಿಸುತ್ತಿದ್ದ.

ಇನ್ನೆರಡು ತಿಂಗಳಲ್ಲಿ ಡ್ರೈವರುಗಳ ದೇಹಪರೀಕ್ಷೆ ಇತ್ತು. ಬ್ರೇಕಿನ ಮೇಲೆ ಕಾಲು ತಡವಾಗಿ ಬಿದ್ದರೆ ಅವನನ್ನು ಇಳಿಸುವುದು ಖಂಡಿತ. ಇಪ್ಪತ್ತಾರು ವರ್ಷ ಕೂತ ಸೀಟು ಅದು. ಮನೆಯ ಕುರ್ಚಿಗಿಂತ ಅದೇ ತನ್ನನ್ನು ಚೆನ್ನಾಗಿ ಬಲ್ಲದು ಎನ್ನುತ್ತಿದ್ದ.

ಐದನೆಯ ತಿಂಗಳು ಆಸ್ಪತ್ರೆಯಿಂದ ಉತ್ತರ ಬಂತು. ತಂದವನೂ ಅವನೇ. ಲಕೋಟೆಯನ್ನು ಮೇಜಿನ ಮೇಲಿಟ್ಟು, ಮದುವೆ ಕಾಗದ ಓದಿಸಿಕೊಳ್ಳುವವನಂತೆ ಬೆಂಚಿನ ತುದಿಯಲ್ಲಿ ಕೂತ. ಬೆಂಚಿನ ಆ ಕಡೆಯ ತುದಿ ತುಸು ಮೇಲೆದ್ದಿತು.

“ಆಪರೇಷನ್ ಯಾವತ್ತಂತೆ?” ಎಂದ.

ನರ್ಸಮ್ಮ ಓದಿದಳು. ನಾಲ್ಕು ತಿಂಗಳಲ್ಲಿ ಒಂದು ಕಿಲೋ ಕೂಡ ಇಳಿದಿಲ್ಲ. ರೋಗಿಗೆ ಆಸಕ್ತಿ ಇಲ್ಲ. ಹೆಸರನ್ನು ಪಟ್ಟಿಯ ಕೊನೆಗೆ ಹಾಕಲಾಗಿದೆ. ಪಟ್ಟಿಯ ಕೊನೆ ಎಂದರೆ ಮುಂದಿನ ವರ್ಷ.

ಈ ನಾಲ್ಕು ತಿಂಗಳು ಅವನು ಬಸ್ಸು ನಿಂತಲ್ಲೆಲ್ಲ ಇಳಿದು, ಕುಂಟುತ್ತ ಅದರ ಸುತ್ತ ಹತ್ತು ಸುತ್ತು ಹಾಕುತ್ತಿದ್ದುದನ್ನು ಊರೇ ಕಂಡಿತ್ತು. ಟೈರು ಎಣಿಸ್ತಿದ್ದೀಯೇನೋ ಎಂದು ರೇಗಿಸಿಯೂ ಇತ್ತು. ಪ್ಯಾಂಟು ಜಾರುವುದನ್ನು ಅವಳೇ ನೋಡಿದ್ದಳು. ಆದರೂ ಆ ಚೌಕದಲ್ಲಿ ಅದೇ ಅಂಕಿ ಬರೆದಿದ್ದಳು. ಯಂತ್ರ ಸಾಲುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಅವನ ಮನಸ್ಸಿಗೆ ನೋವಾದೀತು ಎಂದು ಸುಮ್ಮನಿದ್ದಳು. ಸುಮ್ಮನಿರುವುದೂ ಒಂದು ಉಪಚಾರ ಎಂದುಕೊಂಡಿದ್ದಳು. ಈಗ ಆ ಉಪಚಾರ ಪಟ್ಟಣಕ್ಕೆ ಹೋಗಿ, ಸೋಮಾರಿ ಎಂಬ ಹೆಸರು ಹೊತ್ತುಕೊಂಡು ತಿರುಗಿ ಬಂದಿತ್ತು.

ಕಾಗದವನ್ನು ಅವನ ಕಡೆ ತಳ್ಳಿದಳು. ಅವನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

“ಹೋಗ್ಲಿ ಬಿಡಿ, ಬಸ್ಸಿಗೆ ಹೊತ್ತಾಯ್ತು,” ಎಂದು ಎದ್ದ.

ಅವನು ಬಾಗಿಲು ದಾಟಿದರೆ ಈ ಮಾತು ಇನ್ನೆಂದೂ ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

“ಡ್ರೈವರಣ್ಣ, ತಪ್ಪು ನಂದು. ನಮ್ಮ ಯಂತ್ರ ನೂರಮೂವತ್ತಕ್ಕೇ ಮುಗಿದುಹೋಗುತ್ತೆ. ನೀವು ಅದಕ್ಕಿಂತ ಜಾಸ್ತಿ ಇದ್ರಿ.”

“ಗೊತ್ತು.”

“ಗೊತ್ತಾ? ಮತ್ಯಾಕೆ ಹೇಳ್ಲಿಲ್ಲ?”

ಅವನು ಕತ್ತು ಕೆರೆದುಕೊಂಡ. “ನಾನು ಬೇರೆ ಥರ ತಿಳ್ಕೊಂಡಿದ್ದೆ. ಪಾಪ, ತಂಗಿ ಇದ್ದಹಾಗೆ, ನನಗೋಸ್ಕರ ಕಡಿಮೆ ಮಾಡಿ ಬರೀತಿದ್ದಾಳೆ ಅಂತ. ಬಾಯಿಬಿಟ್ರೆ ನಿಮ್ಮ ಕೆಲಸಕ್ಕೆ ಕುತ್ತು ಬಂದೀತು ಅಂತ ಸುಮ್ಮನಿದ್ದೆ.”

ನರ್ಸಮ್ಮನಿಗೆ ತಡೆಯಲಾರದ ನಗು ಬಂತು. ಅವನೂ ನಕ್ಕ, ಅವನು ನಕ್ಕಾಗ ಮಾತ್ರೆಯ ಡಬ್ಬಿಗಳೂ ಮೇಜಿನ ಮೇಲೆ ಅಲುಗಿದವು.

ಹಿಟ್ಟಿನ ಗಿರಣಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇದೆ, ಈಗಲೇ ಬನ್ನಿ ಎಂದಳು ಅವಳು. ಅವನು ಯಾಕೋ ಹಿಂದೆಮುಂದೆ ನೋಡಿದ. ಬಸ್ಸು, ಹೊತ್ತು, ಪ್ರಯಾಣಿಕರು ಎಂದು ನೆವ ಹೇಳಿದ. ಆದರೂ ಅವಳು ಬ್ಯಾಗು ಹೆಗಲಿಗೇರಿಸಿ ಹೊರಟಾಗ ಹಿಂದೆಯೇ ಬಂದ.

ಗಿರಣಿಯಜ್ಜ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಕೂತಿದ್ದ. ಡ್ರೈವರಣ್ಣನನ್ನು ಕಂಡವನೇ ಏನನ್ನೂ ಕೇಳದೆ ತಕ್ಕಡಿಯ ಹಲಗೆ ಒರೆಸಿದ.

“ಇವತ್ತೇನು, ಹಗಲಲ್ಲೇ ಬಂದುಬಿಟ್ಟೆ?” ಎಂದ.

ನರ್ಸಮ್ಮ ಇಬ್ಬರ ಮುಖವನ್ನೂ ನೋಡಿದಳು. ಡ್ರೈವರಣ್ಣ ಛಾವಣಿ ನೋಡುತ್ತಿದ್ದ. ಅಜ್ಜ ಬಾಗಿಲನ್ನು ಅರ್ಧ ಮುಚ್ಚಿ ಅದರ ಬೆನ್ನು ತೋರಿಸಿದ. ಅಲ್ಲಿ ಸೀಮೆಸುಣ್ಣದಲ್ಲಿ, ತಾರೀಕಿನ ಸಮೇತ, ಒಂದರ ಕೆಳಗೊಂದು ಬರೆದಿತ್ತು: ನೂರೈವತ್ತೆರಡು, ನೂರನಲವತ್ತೊಂಬತ್ತು, ನೂರನಲವತ್ತಾರು, ನೂರನಲವತ್ತಮೂರು. ತಿಂಗಳಿಗೊಮ್ಮೆ, ಮೊದಲ ಬಸ್ಸಿಗೆ ಮುಂಚೆ, ಯಾರೂ ಇಲ್ಲದಾಗ ಬಂದು ತೂಗಿಸಿಕೊಂಡು ಹೋಗುತ್ತಿದ್ದನಂತೆ.

“ಯಾರಿಗೂ ಹೇಳ್ಬೇಡ ಅಂದಿದ್ದ, ನಾನು ಹೇಳ್ಲಿಲ್ಲ,” ಎಂದ ಅಜ್ಜ. “ನೀವು ಕೇಳ್ಲಿಲ್ಲ, ನಾನು ಯಾಕೆ ಹೇಳ್ಲಿ?”

ಡ್ರೈವರಣ್ಣ ಚಪ್ಪಲಿ ಬಿಟ್ಟು ಹಲಗೆ ಹತ್ತಿದ. ಅಜ್ಜ ಕಬ್ಬಿಣದ ಗುಂಡನ್ನು ಬೆರಳ ತುದಿಯಿಂದ ತಳ್ಳುತ್ತ, ಉಸಿರು ಬಿಗಿಹಿಡಿದು, ಕೊನೆಗೆ ನೂರನಲವತ್ತೊಂದು ಎಂದ. ಅಭ್ಯಾಸಬಲದಿಂದ, ಚೀಲದ ತೂಕ ಕಳೀಬೇಕಾ ಎಂದೂ ಕೇಳಿದ. ಪ್ಯಾಂಟು ಶರ್ಟು ಇರಲಿ ಬಿಡಿ, ಅಷ್ಟು ಮರ್ಯಾದೆ ಉಳೀಲಿ ಎಂದ ಡ್ರೈವರಣ್ಣ.

ಹನ್ನೊಂದು ಕಿಲೋ. ನರ್ಸಮ್ಮ ಬಾಗಿಲಿನ ಬೆನ್ನಿನ ಫೋಟೋ ತೆಗೆದಳು. ಗಿರಣಿಯ ಕಟ್ಟೆಯ ಮೇಲೇ ಕೂತು ಡಾಕ್ಟರಿಗೆ ಕಾಗದ ಬರೆದಳು. ಕಾರ್ಡಿನಲ್ಲಿರುವುದು ರೋಗಿಯ ತೂಕವಲ್ಲ, ನಮ್ಮ ಯಂತ್ರದ ಕೊನೆ. ಆಸಕ್ತಿ ಇಲ್ಲದ್ದು ಅವರಿಗಲ್ಲ. ಗೊತ್ತಿದ್ದೂ ತಿಳಿಸದೆ ಇದ್ದವಳು ನಾನು ಎಂದು ಬರೆದು ಸಹಿ ಹಾಕಿದಳು. ಪಕ್ಕದಲ್ಲಿ ಅಜ್ಜನೂ ಸಹಿ ಹಾಕಿದ. ಹಾಳೆಯ ಮೇಲೆ ಅವನ ಬಿಳಿ ಹೆಬ್ಬೆರಳೂ ಮೂಡಿತು.

ಎರಡನ್ನೂ ಪಟ್ಟಣಕ್ಕೆ ಕಳಿಸಿ ಮೂರು ದಿನವಾದರೂ ಫೋನು ಸದ್ದು ಮಾಡಲಿಲ್ಲ. ತನ್ನ ಕೆಲಸಕ್ಕೆ ಸಂಚಕಾರ ಬಂತು ಎಂದುಕೊಂಡು ನರ್ಸಮ್ಮ ಔಷಧಿ ಕಪಾಟನ್ನು ಎರಡು ಸಲ ಜೋಡಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಡಾಕ್ಟರೇ ಮಾತಾಡಿದರು. ಮೊದಲು ಬೈದರು: ಅಂಕಿ ಗೊತ್ತಿಲ್ಲದಿದ್ದರೆ ಚೌಕ ಖಾಲಿ ಬಿಡಬೇಕು, ಸುಳ್ಳು ತುಂಬಬಾರದು. ಅವಳು ಒಪ್ಪಿಕೊಂಡಳು. ಆಮೇಲೆ ಡಾಕ್ಟರು ಕೇಳಿದರು:

“ನೂರಮೂವತ್ತು ದಾಟಿದವರು ನಿಮ್ಮೂರಲ್ಲಿ ಇನ್ನೆಷ್ಟು ಜನ?”

“ಒಂಬತ್ತು ಜನ, ಡಾಕ್ಟ್ರೇ.”

ಒಂಬತ್ತೂ ಜನರನ್ನು ಗಿರಣಿಯಲ್ಲೇ ತೂಗಿಸಿ ಕಳಿಸಲು ಹೇಳಿದರು. ಡ್ರೈವರಣ್ಣನಿಗೆ ಬರುವ ಸೋಮವಾರ ಬಂದು ದಾಖಲಾಗಲು ಹೇಳಿದರು.

ಸೋಮವಾರ ಬೇರೆ ಡ್ರೈವರು ಬಂದ, ತೆಳ್ಳಗಿನ ಯುವಕ. ಡ್ರೈವರಣ್ಣ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಹಿಂದಿನ ಬಾಗಿಲಿನಿಂದ ಹತ್ತಿ, ಇಬ್ಬರ ಸೀಟಿನಲ್ಲಿ ಒಬ್ಬನೇ ಕೂತ. ಅವನ ಹೆಂಡತಿ ಬಟ್ಟೆಯ ಗಂಟು ಹಿಡಿದು ಪಕ್ಕದ ಸಾಲಿನಲ್ಲಿ ನರ್ಸಮ್ಮನ ಜೊತೆ ಕೂತಳು. ಆಪರೇಷನ್ನಿಗೆ ಹೆದರಿಕೆಯೇ ಎಂದು ನರ್ಸಮ್ಮ ಕೇಳಿದ್ದಕ್ಕೆ, ಅದಕ್ಕಲ್ಲ, ಈ ಹುಡುಗ ಓಡಿಸೋದು ನೋಡಿ ಹೆದರಿಕೆ ಅಂದ ಡ್ರೈವರಣ್ಣ. ಪಟ್ಟಣ ಮುಟ್ಟುವ ತನಕ, ಪ್ರತಿ ತಿರುವಿನಲ್ಲೂ, ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.